ನಿಮ್ಮ ಫೈಲಿನ ಪಾಸ್‌ವರ್ಡ್ ನಿಮ್ಮ ಹತ್ರಾನೇ ಇರ್ಲಿ

ಮಾನ್ಯ ಸಂಪಾದಕರೇ,

ಮೊನ್ನೆ ಭಾನುವಾರ ನಿಮ್ಮ ಇ-ಪೇಪರ್ ಓದ್ತಾ ಇದ್ದಾಗ ಒಳಪುಟದಲ್ಲಿ ಒಂದು ದೊಡ್ಡ ಜಾಹೀರಾತು ಕಣ್ಣಿಗೆ ಬಿತ್ತು. ಕೆನಡಾ ಪಿಆರ್ ಗ್ಯಾರಂಟಿ, ಪೇಪರ್ ಕೆಲಸ ಎಲ್ಲಾ ನಮ್ದೇ, ನೀವು ಸಹಿ ಹಾಕಿದ್ರೆ ಸಾಕು ಅಂತ. ಆ ಕೊನೇ ಮಾತು ಓದಿದ ಮೇಲೆ ಮನಸ್ಸು ತಡೀಲಿಲ್ಲ, ಅದಕ್ಕೇ ಬರೀತಾ ಇದ್ದೀನಿ. ಯಾಕಂದ್ರೆ ನಾನೂ ನಮ್ಮನೆಯವರೂ ಇದೇ ಮಾತು ನಂಬಿ ಸಹಿ ಹಾಕಿದವರು, ಅದರಿಂದ ಆಚೆ ಬರೋಕೆ ಎಷ್ಟು ಕಷ್ಟ ಪಟ್ವಿ ಅನ್ನೋದು ನಮಗೇ ಗೊತ್ತು.

ಗ್ಯಾರಂಟಿ ಅನ್ನೋ ಮಾತು ಮೊದ್ಲು ತೆಗೀರಿ. ಪಿಆರ್, ಅಂದ್ರೆ ಅಲ್ಲಿ ಕಾಯಂ ಆಗಿ ನೆಲೆಸೋ ಅನುಮತಿ, ಅದನ್ನ ಕೊಡೋದು ಬಿಡೋದು ಆ ದೇಶದ ವೀಸಾ ಅಧಿಕಾರಿ ಕೈಲಿ ಇರತ್ತೆ, ಯಾವ ಏಜೆಂಟ್ ಕೈಲೂ ಇಲ್ಲ. ಇನ್ನೊಂದು ವಿಷ್ಯ ಏನಂದ್ರೆ, ಏಜೆಂಟ್ ಮೂಲಕವೇ ಅರ್ಜಿ ಹಾಕ್ಬೇಕು ಅಂತ ಯಾವ ನಿಯಮಾನೂ ಇಲ್ಲ, ಏಜೆಂಟ್ ಇದ್ದ ಫೈಲಿಗೆ ಬೇರೆ ಕ್ಯೂ, ಇಲ್ದಿರೋ ಫೈಲಿಗೆ ಬೇರೆ ಕ್ಯೂ ಅಂತಾನೂ ಇಲ್ಲ. ಫಾರ್ಮ್‌ಗಳು, ಗೈಡ್‌ಗಳು, ಯಾವ್ಯಾವ ದಾಖಲೆ ಬೇಕು ಅನ್ನೋ ಪಟ್ಟಿ ಎಲ್ಲಾ ಸರ್ಕಾರದ ವೆಬ್‌ಸೈಟ್‌ನಲ್ಲಿ ಬಿಟ್ಟಿ ಸಿಗತ್ತೆ.

ನಮ್ಮ ಕಥೆ ಹೇಳ್ತೀನಿ. ನಾನು ಮೆಕ್ಯಾನಿಕಲ್‌ನಲ್ಲಿ ಎಂಟೆಕ್ ಮಾಡಿದವಳು, ಕೆಲಸ ಫ್ಯಾಕ್ಟರಿಯಲ್ಲಿ ಪ್ರೊಡಕ್ಷನ್ ಪ್ಲಾನಿಂಗ್. ಆನ್‌ಲೈನ್‌ನಲ್ಲಿ ಪ್ರೊಫೈಲ್ ಹಾಕಿದವರನ್ನ ಅಂಕದ ಮೇಲೆ ಕೆನಡಾ ಪಿಆರ್‌ಗೆ ಕರೆಯೋ ಎಕ್ಸ್‌ಪ್ರೆಸ್ ಎಂಟ್ರಿ ಅನ್ನೋ ವ್ಯವಸ್ಥೆ 2015ರ ಜನವರೀಲಿ ಶುರುವಾಗಿದ್ದು, ನಾವು ಅರ್ಜಿ ಹಾಕೋಕೆ ಹೊರಟಿದ್ದು 2018ರಲ್ಲಿ. ಇಬ್ರಿಗೂ ಕೆಲಸ, ಮನೇಲಿ ಚಿಕ್ಕ ಮಗು, ಫಾರ್ಮ್ ತುಂಬ್ತಾ ಕೂರೋಕೆ ಟೈಮ್ ಎಲ್ಲಿದೆ ಅಂತ ಒಬ್ಬ ಕನ್ಸಲ್ಟೆಂಟ್ ಕೈಗೆ ಎಲ್ಲಾ ಒಪ್ಪಿಸಿಬಿಟ್ವಿ. ಪ್ರೊಫೈಲ್ ಅವರೇ ಮಾಡಿದ್ರು, ಇಮೇಲ್ ಅವರದ್ದು, ಪಾಸ್‌ವರ್ಡ್ ಅವರದ್ದು, ಕೇಳಿದಾಗೆಲ್ಲ ಪ್ರೋಸೆಸ್ ನಡೀತಿದೆ ಮೇಡಂ ಅನ್ನೋ ಒಂದೇ ಉತ್ತರ. ವರ್ಷದ ಕೊನೇಲಿ ಇನ್ವಿಟೇಷನ್, ಅಂದ್ರೆ ಪಿಆರ್‌ಗೆ ಅರ್ಜಿ ಹಾಕಿ ಅನ್ನೋ ಕರೆ, ಬಂತು. ಇನ್ವಿಟೇಷನ್ ಬಂದ್ಮೇಲೆ ಪೂರ್ತಿ ಅರ್ಜಿ ಸಲ್ಲಿಸೋಕೆ ಇರೋದು 60 ದಿನ ಅಷ್ಟೆ. ತುಂಬಿದ ಫಾರ್ಮ್ ಒಂದ್ಸಲ ಕಳಿಸಿ, ಓದ್ತೀವಿ ಅಂತ ಬೆನ್ನು ಬಿದ್ದು ಬಿದ್ದು ಅದು ನಮ್ಮ ಕೈಗೆ ಬಂದಿದ್ದು 51ನೇ ದಿನ.

ಅವತ್ತು ರಾತ್ರಿ ಮಗು ಮಲಗಿದ್ಮೇಲೆ ಇಬ್ರೂ ಕೂತು ಓದಿದ್ವಿ. ಓದ್ತಾ ಓದ್ತಾ ಕೈ ತಣ್ಣಗಾಯ್ತು. ನನ್ನ ಡಿಗ್ರಿ ಮೆಕ್ಯಾನಿಕಲ್ ಅಂತ ನನ್ನ ಕೆಲಸಾನೂ ಕೆನಡಾ ಸರ್ಕಾರ ಮಾಡಿರೋ ಉದ್ಯೋಗಗಳ ಪಟ್ಟೀಲಿ ಮೆಕ್ಯಾನಿಕಲ್ ಇಂಜಿನಿಯರ್ ಕೋಡ್‌ಗೆ ಹಾಕಿದ್ರು, ನಾನು ಮಾಡೋದು ಪ್ರೊಡಕ್ಷನ್ ಲೈನ್ ಪ್ಲಾನಿಂಗ್, ಟೈಮ್ ಸ್ಟಡಿ, ಅದಕ್ಕೆ ಇಂಡಸ್ಟ್ರಿಯಲ್ ಇಂಜಿನಿಯರ್ ಅಂತ ಬೇರೆ ಕೋಡೇ ಇದೆ. ಕೆಲಸದ ವಿವರ ಅನ್ನೋ ಜಾಗದಲ್ಲಿ ಸರ್ಕಾರದ ಪಟ್ಟೀಲಿರೋ ಸಾಲುಗಳನ್ನ ಅಕ್ಷರ ಬಿಡದೆ ಕಾಪಿ ಮಾಡಿದ್ರು. ಒಂದು ಕಂಪನಿ ಬಿಟ್ಟು ಇನ್ನೊಂದು ಸೇರೋ ಮಧ್ಯೆ ನಾನು ಮೂರು ತಿಂಗ್ಳು ಮನೇಲಿದ್ದೆ, ಆ ಮೂರು ತಿಂಗ್ಳನ್ನ ಹಳೇ ಕಂಪನಿಗೇ ಸೇರಿಸಿಬಿಟ್ಟಿದ್ರು. ಎಲ್ಲಕ್ಕಿಂತ ಹೆದರಿಕೆ ಆಗಿದ್ದು ನಮ್ಮನೆಯವರ ವಿಷ್ಯದಲ್ಲಿ. ಅವರು ಬೇರೆ ಒಂದು ದೇಶದಲ್ಲಿ ಒಂದೂವರೆ ವರ್ಷ ಓದಿದ್ರು, ಅದು ಇಡೀ ಅರ್ಜೀಲಿ ಎಲ್ಲೂ ಇರ್ಲಿಲ್ಲ. ಬೆಳಿಗ್ಗೆ ಫೋನ್ ಮಾಡಿ ಕೇಳಿದ್ರೆ, ಅದನ್ನ ಹಾಕಿದ್ರೆ ಆ ದೇಶದಿಂದ ಪೊಲೀಸ್ ಸರ್ಟಿಫಿಕೇಟ್ ತರಿಸ್ಬೇಕು, ಲೇಟ್ ಆಗತ್ತೆ, ಯಾರು ನೋಡ್ತಾರೆ ಬಿಡಿ ಅಂದ್ರು.

ನೋಡೋರು ಇದ್ದಾರೆ. ಕೆನಡಾದ ವಲಸೆ ಕಾಯ್ದೆಯ 40ನೇ ಸೆಕ್ಷನ್ ಅಂತ ಒಂದಿದೆ, ಅರ್ಜೀಲಿ ಮುಖ್ಯವಾದ ವಿಷ್ಯ ಸುಳ್ಳು ಹೇಳಿದ್ರೆ ಅಥವಾ ಮುಚ್ಚಿಟ್ರೆ 5 ವರ್ಷ ಆ ದೇಶಕ್ಕೆ ಹೋಗೋ ಹಾಗಿಲ್ಲ, ಪಿಆರ್‌ಗೆ ಮತ್ತೆ ಅರ್ಜಿ ಹಾಕೋ ಹಾಗೂ ಇಲ್ಲ. ಅದರಲ್ಲಿ ನೇರವಾಗಿ ಅಥವಾ ಪರೋಕ್ಷವಾಗಿ ಅಂತ ಇದೆ, ಅಂದ್ರೆ ನಿಮ್ಮ ಪರವಾಗಿ ಬೇರೆಯವರು ಬರೆದ ಸುಳ್ಳೂ ನಿಮ್ಮ ತಲೆ ಮೇಲೇ. ನನಗೆ ಗೊತ್ತಿರ್ಲಿಲ್ಲ, ಏಜೆಂಟ್ ಮಾಡಿದ್ದು ಅಂತ ಹೇಳಿದ್ರೆ ಆ ಮಾತನ್ನ ಸಾಮಾನ್ಯವಾಗಿ ಯಾರೂ ಒಪ್ಪಲ್ಲ. ಆಸ್ಟ್ರೇಲಿಯಾದಲ್ಲೂ ಹಾಗೇ, ಅಲ್ಲಿ ಸುಳ್ಳು ಮಾಹಿತಿ ಅಥವಾ ನಕಲಿ ದಾಖಲೆ ಅಂತ ವೀಸಾ ತಿರಸ್ಕಾರ ಆದ್ರೆ 3 ವರ್ಷದ ತಡೆ ಬೀಳತ್ತೆ. ಸಹಿ ಹಾಕಿದ್ರೆ ಸಾಕು ಅಂತ ಜಾಹೀರಾತು ಹೇಳೋ ಆ ಸಹಿಯ ಭಾರ ಇಷ್ಟಿದೆ ಸಂಪಾದಕರೇ.

ಒಂಬತ್ತು ದಿನದಲ್ಲಿ ಬೇರೆ ದೇಶದ ಪೊಲೀಸ್ ಸರ್ಟಿಫಿಕೇಟ್ ತರ್ಸೋದು ಆಗೋ ಮಾತಲ್ಲ. ಜಗಳ ಆಡಿ, ಎದುರಿಗೇ ಕೂತು, ಇನ್ವಿಟೇಷನ್ ಡಿಕ್ಲೈನ್ ಮಾಡಿಸಿದ್ವಿ. ಅದನ್ನ ಮಾಡೋದ್ರೊಳಗೆ ಗೊತ್ತಾಗಿದ್ದು, ಡಿಕ್ಲೈನ್ ಮಾಡಿದ್ರೆ ಪ್ರೊಫೈಲ್ ಪೂಲ್‌ಗೆ, ಅಂದ್ರೆ ಕರೆಗೆ ಕಾಯ್ತಿರೋರ ಗುಂಪಿಗೆ, ವಾಪಸ್ ಹೋಗತ್ತೆ, ಸುಮ್ನಿದ್ದು 60 ದಿನ ಕಳೆದುಹೋದ್ರೆ ಪ್ರೊಫೈಲೇ ಹೋಗತ್ತೆ ಅಂತ. ಆಮೇಲೆ ಆ ಪ್ರೊಫೈಲ್ ಹಿಂತೆಗೆದು ನನ್ನ ಸ್ವಂತ ಇಮೇಲ್‌ನಲ್ಲಿ ಹೊಸದು ಮಾಡಿದೆ. ಅಷ್ಟರಲ್ಲಿ ನನಗೆ 33 ತುಂಬ್ತು, ವಯಸ್ಸಿನ ಲೆಕ್ಕದಲ್ಲಿ 5 ಅಂಕ ಹೋಯ್ತು. ಸಂಗಾತಿ ಜೊತೆ ಹೋಗೋರಿಗೆ 20ರಿಂದ 29ರವರೆಗೆ ವಯಸ್ಸಿಗೆ ಪೂರ್ತಿ 100 ಅಂಕ, ಆಮೇಲೆ 40ರವರೆಗೆ ಪ್ರತಿ ಹುಟ್ಟಿದಹಬ್ಬಕ್ಕೆ 5 ಕಮ್ಮಿ, ಅಲ್ಲಿಂದಾಚೆ ಇನ್ನೂ ಜೋರಾಗಿ ಇಳಿದು 45ಕ್ಕೆ ಸೊನ್ನೆ. ಅಂಥ 5 ಅಂಕ ಬೇರೆಯವರ ಉದಾಸೀನದಿಂದ ಹೋದ್ರೆ ಹೊಟ್ಟೆ ಉರಿಯತ್ತೆ.

ಆಮೇಲಿನ ಕೆಲಸ ಎಲ್ಲಾ ನಾವೇ ಮಾಡಿದ್ವಿ. ಮೂರು ತಿಂಗ್ಳು ರಾತ್ರಿ ಹೊತ್ತು ಒಂದೊಂದ್ ಗಂಟೆ ಕೂತ್ರೆ ಆಗೋ ಕೆಲಸ ಅದು, ಇಂಗ್ಲಿಷ್ ಪರೀಕ್ಷೆ ಬರೆದು ಪಾಸಾಗೋರಿಗೆ ಆ ಫಾರ್ಮ್ ಓದೋಕೆ ಬರಲ್ವಾ? ಕಷ್ಟ ಇರೋದು ಫಾರ್ಮಲ್ಲಿ ಅಲ್ಲ, ಕಾಗದ ಪತ್ರ ಕೂಡಿಸೋದ್ರಲ್ಲಿ, ಮತ್ತೆ ಆ ಕಾಗದ ಕೂಡಿಸೋ ಕೆಲಸ ಏಜೆಂಟ್ ಇದ್ರೂ ನೀವೇ ಮಾಡ್ಬೇಕು. ನಿಮ್ಮ ಯೂನಿವರ್ಸಿಟಿಗೆ ಅವರು ಹೋಗಲ್ಲ, ನಿಮ್ಮ ಹಳೇ ಮ್ಯಾನೇಜರ್‌ಗೆ ಅವರು ಫೋನ್ ಮಾಡಲ್ಲ, ಬ್ಯಾಂಕಿಗೆ ಅಲಿಯೋರೂ ನೀವೇ. ಕೂಡಿಸಿ ಕೊಟ್ಟಿದ್ದನ್ನ ಟೈಪ್ ಮಾಡಿ ಅಪ್‌ಲೋಡ್ ಮಾಡೋದಕ್ಕೆ ಅಷ್ಟೊಂದು ದುಡ್ಡು.

ಯಾರಾದ್ರೂ ಹೊರಡ್ತಾ ಇದ್ರೆ ಮೊದ್ಲು ಹಿಡೀಬೇಕಾಗಿದ್ದು ಡಿಗ್ರಿ ಮೌಲ್ಯಮಾಪನ, ಇಸಿಎ ಅಂತಾರೆ. ಯೂನಿವರ್ಸಿಟಿಯವರು ಮಾರ್ಕ್ಸ್ ವಿವರ ಸೀಲ್ ಮಾಡಿದ ಕವರ್‌ನಲ್ಲೋ ಆನ್‌ಲೈನ್‌ನಲ್ಲೋ ನೇರವಾಗಿ ಮೌಲ್ಯಮಾಪನ ಸಂಸ್ಥೆಗೆ ಕಳಿಸ್ಬೇಕಾಗಿ ಬರತ್ತೆ, ಅದಕ್ಕೇ ತಿಂಗ್ಳುಗಟ್ಟಲೆ ಹಿಡಿಯತ್ತೆ. ಬಂದ ವರದಿ 5 ವರ್ಷ ನಡೆಯತ್ತೆ, ಹಾಗಾಗಿ ಬೇಗ ಮಾಡ್ಸಿದ್ರೆ ನಷ್ಟ ಇಲ್ಲ. ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶಕ್ಕೆ ಆಯಸ್ಸು 2 ವರ್ಷ ಮಾತ್ರ, ಅದನ್ನ ಸ್ವಲ್ಪ ಲೆಕ್ಕ ಹಾಕಿ ಬರೀಬೇಕು. ಅದ್ರಲ್ಲೂ ಬರೀಬೇಕಾಗಿದ್ದು ಅಕಾಡೆಮಿಕ್ ಅನ್ನೋ ಬಗೆ ಅಲ್ಲ, ಜನರಲ್ ಟ್ರೈನಿಂಗ್ ಅನ್ನೋದು. ಇದೊಂದು ತಪ್ಪು ಮಾಡಿ ಎರಡು ಸಲ ಪರೀಕ್ಷೆ ಫೀಸ್ ಕಟ್ಟಿದವರು ಎಷ್ಟೋ ಜನ.

ಇಲ್ಲೇ ಒಂದು ಮಾತು ಹೇಳ್ಬೇಕು. ನನ್ನ ಜೊತೆ ಹಿಂದೆ ಕೆಲಸ ಮಾಡ್ತಿದ್ದ ಒಬ್ಬ ಹುಡುಗಿ ಹೋದ ವರ್ಷ ಮೆಸೇಜ್ ಮಾಡಿದ್ಲು, ಅಕ್ಕಾ ಸ್ಕೋರ್ ಸಾಲ್ತಿಲ್ಲ, ಜಾಬ್ ಆಫರ್ ಕೊಡಿಸ್ತೀವಿ ಅದಕ್ಕೆ 50 ಅಂಕ ಬರತ್ತೆ ಅಂತ ಕನ್ಸಲ್ಟೆಂಟ್ ಹೇಳ್ತಿದ್ದಾರೆ, ದುಡ್ಡು ಹೊಂದಿಸ್ತಾ ಇದ್ದೀನಿ ಅಂತ. ಎದೆ ಧಸಕ್ ಅಂತು. ಮೊದಲ್ನೇದಾಗಿ ಕೆಲಸ ಮಾರೋದು ಕೊಳ್ಳೋದೇ ತಪ್ಪು, ಎರಡನೇದು, ರ‍್ಯಾಂಕಿಂಗ್‌ನಲ್ಲಿ ಜಾಬ್ ಆಫರ್‌ಗೆ ಕೊಡ್ತಿದ್ದ ಅಂಕಗಳನ್ನ 2025ರ ಮಾರ್ಚ್ 25ರಿಂದ ತೆಗೆದೇಬಿಟ್ಟಿದ್ದಾರೆ. ಇಲ್ಲದ ಅಂಕಕ್ಕೆ ಆ ಹುಡುಗಿ ಸಾಲ ಮಾಡೋಕೆ ಹೊರಟಿದ್ಲು. ನಿನ್ನ ಐಇಎಲ್‌ಟಿಎಸ್ ಕಳಿಸು ಅಂದೆ. ಮೂರರಲ್ಲಿ ಚೆನ್ನಾಗಿದೆ, ರೈಟಿಂಗ್ ಮಾತ್ರ 6.5. ಅದೇ 7 ಆಗಿದ್ರೆ ಪರೀಕ್ಷೆಯ ನಾಲ್ಕೂ ಭಾಗ ಸಿಎಲ್‌ಬಿ ಅನ್ನೋ ಕೆನಡಾದ ಭಾಷಾ ಅಳತೇಲಿ 9 ಮುಟ್ಟತ್ತೆ. ಗಂಡನ ಜೊತೆ ಅರ್ಜಿ, ಒಂದು ಡಿಗ್ರಿ, ಮೂರು ವರ್ಷಕ್ಕಿಂತ ಜಾಸ್ತಿ ಅನುಭವ ಇರೋ ಅವಳಿಗೆ ರೈಟಿಂಗ್‌ನಿಂದ 7, ಡಿಗ್ರಿ ಮತ್ತು ಭಾಷೆ ಸೇರಿದ ಕಡೆ 12, ಅನುಭವ ಮತ್ತು ಭಾಷೆ ಸೇರಿದ ಕಡೆ 25, ಒಟ್ಟು 44 ಅಂಕ. ಅರ್ಧ ಬ್ಯಾಂಡಿಗೆ 44! ಇದನ್ನ ಅವಳ ಕನ್ಸಲ್ಟೆಂಟ್ ಒಂದು ಸಲಾನೂ ಹೇಳಿರ್ಲಿಲ್ಲ. ಸರ್ಕಾರದ ವೆಬ್‌ಸೈಟಿನಲ್ಲಿರೋ ಅಂಕದ ಪಟ್ಟೀನ ಒಂದು ಸಂಜೆ ಕೂತು ತಾವೇ ಓದಿದವರಿಗೆ ಇದು ಗೊತ್ತಾಗತ್ತೆ, ಬೇರೆಯವರ ಕೈಗೆ ಕೊಟ್ಟು ಕೂತವರಿಗೆ ಗೊತ್ತಾಗೋದೇ ಇಲ್ಲ.

ಅರ್ಹತೆಗೇ ಒಂದು ಲೆಕ್ಕ, ರ‍್ಯಾಂಕಿಂಗ್‌ಗೇ ಇನ್ನೊಂದು ಲೆಕ್ಕ ಅನ್ನೋದೂ ಜನಕ್ಕೆ ಗೊಂದಲ. ಫೆಡರಲ್ ಸ್ಕಿಲ್ಡ್ ವರ್ಕರ್ ಅನ್ನೋ ವಿಭಾಗದಲ್ಲಿ ಪೂಲ್ ಒಳಗೆ ಬರೋಕೆ 100ಕ್ಕೆ 67 ಬೇಕು, ಒಳಗೆ ಬಂದ್ಮೇಲೆ ಸ್ಪರ್ಧೆ ನಡೆಯೋದು 1200 ಅಂಕದ ಬೇರೆ ಪಟ್ಟೀಲಿ. 67 ಬಂತು ಅಂದ ತಕ್ಷಣ ಸೆಲೆಕ್ಟ್ ಆದ್ರಿ ಅಂತ ಅಭಿನಂದನೆ ಹೇಳಿ ಮುಂದಿನ ಕಂತು ಕಟ್ಟಿಸ್ಕೊಳ್ಳೋ ಏಜೆಂಟ್‌ಗಳಿದ್ದಾರೆ.

ಇನ್ನು ಕೆಲಸದ ಕೋಡ್ ಮತ್ತು ರೆಫರೆನ್ಸ್ ಲೆಟರ್. ನನ್ನ ಅನುಭವದಲ್ಲಿ ಅತೀ ಹೆಚ್ಚು ಜನ ಸೋಲೋದು ಇಲ್ಲೇ. ಕೆನಡಾದ ಉದ್ಯೋಗಗಳ ಪಟ್ಟಿಗೆ ಎನ್‌ಒಸಿ ಅಂತಾರೆ, ಈಗಿರೋ ಎನ್‌ಒಸಿ 2021ರಲ್ಲಿ ಕೋಡ್‌ಗೆ ಐದು ಅಂಕಿ ಇರತ್ತೆ, ಎರಡನೇ ಅಂಕಿ ಆ ಕೆಲಸದ ಟಿಯರ್, ಅಂದ್ರೆ ಅದಕ್ಕೆ ಬೇಕಾದ ಓದು ತರಬೇತಿಯ ಮಟ್ಟ, ಹೇಳತ್ತೆ, ಅದು 0ಯಿಂದ 3ರವರೆಗೆ ಇದ್ರೆ ಸ್ಕಿಲ್ಡ್ ವರ್ಕರ್ ಲೆಕ್ಕಕ್ಕೆ ಬರತ್ತೆ. ಮೆಕ್ಯಾನಿಕಲ್ ಇಂಜಿನಿಯರ್ 21301, ಇಂಡಸ್ಟ್ರಿಯಲ್ ಇಂಜಿನಿಯರ್ 21321. ಕೋಡ್ ಹುಡುಕ್ಬೇಕಾಗಿದ್ದು ಡಿಗ್ರಿ ನೋಡಿ ಅಲ್ಲ, ವಿಸಿಟಿಂಗ್ ಕಾರ್ಡಿನ ಹುದ್ದೆ ಹೆಸರು ನೋಡೀನೂ ಅಲ್ಲ, ದಿನಾ ಆಫೀಸಿಗೆ ಹೋಗಿ ಏನು ಮಾಡ್ತೀರ ಅನ್ನೋದನ್ನ ನೋಡಿ. ಪ್ರತಿ ಕೋಡ್ ಕೆಳಗೆ ಮುಖ್ಯ ಕೆಲಸಗಳ ವಿವರ ಇದೆ, ಅದರಲ್ಲಿ ಸಾಕಷ್ಟು ನೀವು ನಿಜವಾಗ್ಲೂ ಮಾಡಿರ್ಬೇಕು.

ಲೆಟರ್ ಕಂಪನಿ ಲೆಟರ್‌ಹೆಡ್ ಮೇಲಿರ್ಬೇಕು. ಸೇರಿದ ದಿನ ಬಿಟ್ಟ ದಿನ, ಹುದ್ದೆ, ಮಾಡ್ತಿದ್ದ ಕೆಲಸಗಳು, ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಸಂಬಳ ಮತ್ತು ಬೇರೆ ಸೌಲಭ್ಯ, ಸಹಿ ಹಾಕಿದವರ ಹೆಸರು, ಹುದ್ದೆ, ಸಂಪರ್ಕ ವಿವರ, ಎಲ್ಲಾ ಬೇಕು. ಎಚ್‌ಆರ್‌ನವರು ಬರೀ ತಾರೀಕು ಮತ್ತೆ ಹುದ್ದೆ ಇರೋ ಒಂದು ಅನುಭವ ಪತ್ರ ಕೊಟ್ಟು ನಮ್ಮ ಪಾಲಿಸಿ ಇಷ್ಟೇ ಅಂತಾರೆ. ನನ್ನ ಮೊದಲ ಕಂಪನಿ ಹೀಗೇ ಮಾಡ್ತು, ಆರು ಮೇಲ್ ಹಾಕಿದ್ರೂ ಜಗ್ಗಲಿಲ್ಲ. ಆಗ ನನ್ನ ಹಳೇ ಮ್ಯಾನೇಜರ್ ಹತ್ರ ಹೋಗಿ ಕೆಲಸದ ವಿವರ ಇರೋ ಪತ್ರ ಬರೆಸ್ಕೊಂಡೆ, ಜೊತೆಗೆ ನೇಮಕಾತಿ ಪತ್ರ, ಸಂಬಳದ ಸ್ಲಿಪ್‌ಗಳು, ಟ್ಯಾಕ್ಸ್ ಕಾಗದ ಇಟ್ಟು, ಎಚ್‌ಆರ್ ಕೊಡಲ್ಲ ಅಂದಿದ್ದ ಆ ಮೇಲ್‌ಗಳನ್ನೂ ಲಗತ್ತಿಸಿ, ಯಾಕೆ ಹೀಗೆ ಕೊಡ್ತಿದ್ದೀನಿ ಅಂತ ಒಂದು ಪುಟದ ವಿವರಣೆ ಬರೆದೆ. ಲೆಟರ್ ಆಫ್ ಎಕ್ಸ್‌ಪ್ಲನೇಷನ್ ಅಂತಾರೆ ಇದಕ್ಕೆ. ಸರಳವಾಗಿ, ನಿಜ ಏನಿದೆಯೋ ಹಾಗೇ ಬರೀಬೇಕು. ನನ್ನ ಆ ಮೂರು ತಿಂಗ್ಳ ಗ್ಯಾಪ್‌ಗೂ ಇದ್ರಲ್ಲೇ ಎರಡು ಸಾಲು ಬರೆದೆ, ಕೆಲಸ ಇರ್ಲಿಲ್ಲ, ಮನೇಲಿದ್ದೆ ಅಂತ. ಯಾರೂ ಏನೂ ಕೇಳಲಿಲ್ಲ. ಹಿಂದಿನ 10 ವರ್ಷದ ಲೆಕ್ಕ ಗ್ಯಾಪ್ ಇಲ್ದೆ ಕೊಡಿ ಅಂತ ಅವರು ಕೇಳೋದು, ಕೆಲಸ ಇಲ್ದೇ ಇದ್ದದ್ದು ಅಪರಾಧ ಅಂತಲ್ಲ, ಮುಚ್ಚಿಟ್ರೆ ಅಪರಾಧ.

ಪೊಲೀಸ್ ಸರ್ಟಿಫಿಕೇಟ್ ವಿಷ್ಯ ಮೇಲೇ ಬಂತು. ಹಿಂದಿನ 10 ವರ್ಷದಲ್ಲಿ, 18 ತುಂಬಿದ ಮೇಲೆ, ಯಾವ ದೇಶದಲ್ಲಿ ಒಂದೇ ಸಮನೆ 6 ತಿಂಗ್ಳು ಅಥವಾ ಹೆಚ್ಚು ಇದ್ರೋ ಅಲ್ಲಿಂದ ಬೇಕು, ಗಂಡ ಹೆಂಡತಿ ಇಬ್ಬರದ್ದೂ. ನಮ್ಮನೆಯವರದ್ದು ಬರೋಕೆ ಎರಡು ತಿಂಗ್ಳ ಮೇಲೆ ಆಯ್ತು, ಹಾಗಾಗಿ ಎರಡನೇ ಸಲ ಇನ್ವಿಟೇಷನ್‌ಗೆ ಕಾಯದೇ ಮೊದ್ಲೇ ತರಿಸಿಟ್ಟಿದ್ವಿ. ಮೆಡಿಕಲ್ ಪರೀಕ್ಷೆ ಕೆನಡಾ ಸರ್ಕಾರ ಗೊತ್ತು ಮಾಡಿರೋ ಪ್ಯಾನೆಲ್ ಡಾಕ್ಟರ್ ಹತ್ರಾನೇ ಆಗ್ಬೇಕು, ಮನೆ ಡಾಕ್ಟರ್ ಬರೆದುಕೊಟ್ಟಿದ್ದು ನಡೆಯಲ್ಲ. 2025ರ ಆಗಸ್ಟ್ 21ರಿಂದ ಎಕ್ಸ್‌ಪ್ರೆಸ್ ಎಂಟ್ರಿಯವರು ಅರ್ಜಿ ಸಲ್ಲಿಸೋಕೆ ಮುಂಚೇನೇ ಇದನ್ನ ಮುಗಿಸಿರ್ಬೇಕು ಅಂತ ಆಗಿದೆ. ಕೈಲಿ ದುಡ್ಡಿದೆ ಅಂತ ತೋರಿಸೋ ಬ್ಯಾಂಕ್ ಲೆಟರ್‌ನಲ್ಲಿ ಇವತ್ತಿನ ಬ್ಯಾಲೆನ್ಸ್ ಒಂದೇ ಸಾಲಲ್ಲ, ಅಕೌಂಟ್ ತೆರೆದ ದಿನ, 6 ತಿಂಗ್ಳ ಸರಾಸರಿ, ಸಾಲ ಇದ್ರೆ ಅದೂ ಇರ್ಬೇಕು. ಕಡೇ ವಾರ ಯಾರ ಹತ್ರನೋ ತಂದು ತುಂಬಿದ ದುಡ್ಡು ಆ ಸರಾಸರೀಲಿ ಕಾಣತ್ತೆ. ಇಂಗ್ಲಿಷ್ ಅಥವಾ ಫ್ರೆಂಚ್ ಅಲ್ಲದ ದಾಖಲೆಗೆ ಅನುವಾದ ಬೇಕು, ಅದನ್ನ ನೀವಾಗ್ಲಿ ಮನೆಯವರಾಗ್ಲಿ ಮಾಡೋ ಹಾಗಿಲ್ಲ. ಒಂದೊಂದು ಜಾಗಕ್ಕೆ ಒಂದೇ ಫೈಲ್, ಅದೂ 4 ಎಂಬಿ ಒಳಗೆ, ಹಾಗಾಗಿ ಸ್ಕ್ಯಾನ್ ಮಾಡಿದ್ದನ್ನ ಜೋಡಿಸಿ ಸಣ್ಣ ಮಾಡೋದು ಕಲೀಬೇಕಾಗತ್ತೆ.

ಒಂದು ವಿಷ್ಯ ಮಾತ್ರ ಕೈಮುಗಿದು ಹೇಳ್ತೀನಿ. ಹೆಂಡತೀನೋ ಮಗೂನೋ ಈಗ ಜೊತೇಲಿ ಬರಲ್ಲ ಅಂತ ಫಾರ್ಮಲ್ಲಿ ಹೆಸರೇ ಬಿಡ್ಬೇಡಿ, ಸಿಂಗಲ್ ಅಂತ ಹಾಕಿದ್ರೆ ಅಂಕ ಜಾಸ್ತಿ ಅಂತ ಯಾರು ಎಷ್ಟೇ ಹೇಳಿದ್ರೂ. ಬರ್ಲಿ ಬಿಡ್ಲಿ, ಹೆಸರು ತೋರಿಸ್ಬೇಕು, ಅವರ ಮೆಡಿಕಲ್ಲೂ ಆಗ್ಬೇಕು. ಹಾಗೆ ತೋರಿಸದೇ ಹೋದವರನ್ನ ಆಮೇಲೆ ಸಂಸಾರ ಅಂತ ಕರೆಸ್ಕೊಳ್ಳೋ ದಾರಿ ಸಾಮಾನ್ಯವಾಗಿ ಮುಚ್ಚಿಹೋಗತ್ತೆ. ಹತ್ತು ಇಪ್ಪತ್ತು ಅಂಕದ ಆಸೆಗೆ ಸ್ವಂತ ಮಗು ಬೇರೆ ದೇಶದಲ್ಲಿ ಉಳಿಯೋ ಹಾಗಾದ್ರೆ ಆ ಪಿಆರ್ ಇಟ್ಕೊಂಡು ಏನು ಮಾಡೋದು?

ಎರಡನೇ ಇನ್ವಿಟೇಷನ್ ನಮಗೆ 2019ರಲ್ಲಿ ಬಂತು, ಎಲ್ಲಾ ರೆಡಿ ಇದ್ದಿದ್ರಿಂದ ಹದಿನೆಂಟನೇ ದಿನಕ್ಕೆ ಸಲ್ಲಿಸಿದೆ, ಅದೂ ಎರಡು ದಿನ ಬಿಟ್ಟು ಮತ್ತೆ ಮೊದಲಿನಿಂದ ಓದಿ. ಮೂರು ತಿಂಗ್ಳಾದ್ಮೇಲೆ ಒಂದು ಸಂಬಳದ ದಾಖಲೆ ಸ್ಪಷ್ಟವಾಗಿಲ್ಲ, ಏಳು ದಿನದಲ್ಲಿ ಮತ್ತೆ ಕಳಿಸಿ ಅಂತ ಅಕೌಂಟ್‌ನಲ್ಲಿ ಒಂದು ಪತ್ರ ಬಂತು. ಮೇಲ್ ನನ್ನದೇ ಆಗಿದ್ರಿಂದ ಅವತ್ತೇ ನೋಡ್ದೆ, ಮಾರನೇ ದಿನ ಕಳಿಸ್ದೆ. ಅದೇ ಪತ್ರ ಹಳೇ ಕನ್ಸಲ್ಟೆಂಟ್‌ನ ಮೇಲ್‌ಗೆ ಹೋಗಿದ್ರೆ ಅಂತ ಈಗ್ಲೂ ಒಂದೊಂದ್ಸಲ ಯೋಚನೆ ಬರತ್ತೆ.

ಎಲ್ರೂ ಒಬ್ಬರೇ ಮಾಡ್ಬೇಕು ಅಂತ ನಾನು ಹೇಳ್ತಿಲ್ಲ. ಹಿಂದೆ ವೀಸಾ ತಿರಸ್ಕಾರ ಆಗಿದ್ರೆ, ಪೊಲೀಸ್ ಕೇಸ್ ಇದ್ರೆ, ಮನೇಲಿ ಯಾರಿಗಾದ್ರೂ ದೊಡ್ಡ ಕಾಯಿಲೆ ಇದ್ರೆ, ವಿಚ್ಛೇದನ ಆಗಿ ಮಗು ಯಾರ ಹತ್ರ ಅನ್ನೋ ಪ್ರಶ್ನೆ ಇದ್ರೆ, ತಿಳಿದವರನ್ನ ಕೇಳ್ಲೇಬೇಕು, ಅದಕ್ಕೆ ದುಡ್ಡು ಕೊಡೋದ್ರಲ್ಲಿ ತಪ್ಪಿಲ್ಲ. ಆದ್ರೆ ದುಡ್ಡು ತಗೊಂಡು ಕೆನಡಾ ವಲಸೆ ಸಲಹೆ ಕೊಡೋ ಅಧಿಕಾರ ಇರೋದು ಅಲ್ಲಿನ ವಕೀಲರು, ಕ್ವಿಬೆಕ್ ನೋಟರಿಗಳಂಥ ಕಾನೂನು ವೃತ್ತಿಯವರಿಗೆ ಮತ್ತೆ ವಲಸೆ ಸಲಹೆಗಾರರ ಕಾಲೇಜ್‌ನಲ್ಲಿ ಲೈಸೆನ್ಸ್ ಪಡೆದವರಿಗೆ ಮಾತ್ರ. ಕಾಲೇಜ್ ಅಂದ್ರೆ ಓದೋ ಕಾಲೇಜ್ ಅಲ್ಲ, ಅವರನ್ನ ನಿಯಂತ್ರಿಸೋ ಸಂಸ್ಥೆ. ಅದರ ರಿಜಿಸ್ಟರ್‌ನಲ್ಲಿ ಯಾರು ಬೇಕಾದ್ರೂ ಹೆಸರು ಹಾಕಿ ಹುಡುಕ್ಬೋದು, ಎರಡು ನಿಮಿಷದ ಕೆಲಸ. ಆಸ್ಟ್ರೇಲಿಯಾಕ್ಕೂ ನ್ಯೂಜಿಲೆಂಡ್‌ಗೂ ಅವರವರದೇ ರಿಜಿಸ್ಟರ್ ಇದೆ. ಯಾರಾದ್ರೂ ಪ್ರತಿನಿಧಿ ಇದ್ರೆ ಐಎಂಎಂ 5476 ಅನ್ನೋ ಫಾರ್ಮಲ್ಲಿ ಅವರ ಹೆಸರು ಕೊಡ್ಬೇಕು, ನನ್ನ ಹೆಸರು ಹಾಕೋದು ಬೇಡ ನೀವೇ ಮಾಡಿದ ಹಾಗೆ ಇರ್ಲಿ ಅಂತ ಕನ್ಸಲ್ಟೆಂಟ್ ಅಂದ್ರೆ ಅಲ್ಲಿಂದ ಎದ್ದು ಬನ್ನಿ. ನಮ್ಮ ಫೈಲ್‌ನಲ್ಲೂ ಆ ಫಾರ್ಮ್ ಇರ್ಲಿಲ್ಲ, ಅದರ ಅರ್ಥ ಏನು ಅಂತ ನನಗೆ ಗೊತ್ತಾಗಿದ್ದು ತಡವಾಗಿ. ಲೈಸೆನ್ಸ್ ಇರೋರನ್ನೇ ಇಟ್ಕೊಂಡ್ರೂ ಸಲ್ಲಿಸೋ ಮುಂಚೆ ಪ್ರತಿ ಪುಟ ಕೇಳಿ ಓದಿ, ಬಂದ ಪ್ರತಿ ಪತ್ರದ ಕಾಪಿ ಕೇಳಿ ಇಸ್ಕೊಳ್ಳಿ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಜಾಹೀರಾತು ಇಲ್ದೇ ಪತ್ರಿಕೆ ನಡೆಯಲ್ಲ ಅನ್ನೋದು ನನಗೂ ಗೊತ್ತು. ಆದ್ರೆ ನಿಮ್ಮ ಪುಟದಲ್ಲಿ ಬಂತು ಅನ್ನೋ ಒಂದೇ ಕಾರಣಕ್ಕೆ ನಂಬೋ ಜನ ಇದ್ದಾರೆ, ಒಂದು ಕಾಲದಲ್ಲಿ ನಾನೂ ಹಾಗೇ ನಂಬಿದ್ದೆ. ವಲಸೆ ಸಲಹೆಯ ಜಾಹೀರಾತು ತಗೊಳ್ಳುವಾಗ ಅವರ ಲೈಸೆನ್ಸ್ ನಂಬರ್ ಕೇಳಿ, ರಿಜಿಸ್ಟರ್‌ನಲ್ಲಿ ಒಂದ್ಸಲ ನೋಡಿ, ಆ ನಂಬರನ್ನ ಜಾಹೀರಾತಿನಲ್ಲೇ ಓದೋ ಹಾಗೆ ದೊಡ್ಡದಾಗಿ ಅಚ್ಚು ಹಾಕಿ. ಗ್ಯಾರಂಟಿ ಅನ್ನೋ ಪದ ಇದ್ರೆ ತೆಗೆಸಿ. ನಂಬರ್ ಕೊಡೋಕೆ ಹಿಂದೆಮುಂದೆ ನೋಡೋರ ಜಾಹೀರಾತು ದಯವಿಟ್ಟು ವಾಪಸ್ ಕಳಿಸಿ.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗರೊಬ್ಬರು